ಮನೀಶ್ ಮಾರ್ಕೆಟ್ಟಿನಿಂದ ಬಂದ ರಿಮೋಟು: ಹಳೇ ವಿಡಿಯೋ ಗೇಮ್ ಕಂಟ್ರೋಲರ್ ಎಷ್ಟು ಗಟ್ಟಿ, ಎಷ್ಟು ಆರಾಮ?

ಇವತ್ತು ನನ್ನ ಕೈಯಲ್ಲಿರೋದು ಒಂದು ವಿಡಿಯೋ ಗೇಮ್ ಕಂಟ್ರೋಲರ್. ಹಾಗಂತ ಈಗ ಹೇಳ್ತೀವಿ, ಆಗ ನಾವು ಕರೀತಿದ್ದಿದ್ದು "ರಿಮೋಟು" ಅಂತ. ವೈರು ನೇತಾಡ್ತಿದ್ರೂ ಅದು ರಿಮೋಟೇ. ಒಂದು ಕಾಲದಲ್ಲಿ ಬಿಳಿಯಾಗಿತ್ತು, ಈಗ ಹಳೇ ಮದುವೆ ಕಾಗದದ ಬಣ್ಣ. ಎಡಗಡೆ ಪ್ಲಸ್ ಆಕಾರದ ಗುಂಡಿ, ಬಲಗಡೆ ನಾಲ್ಕು ಕೆಂಪು ಗುಂಡಿ, ನಡುವೆ ಸೆಲೆಕ್ಟ್ ಮತ್ತು ಸ್ಟಾರ್ಟ್. ನಿಮ್ಮಲ್ಲಿ ಮೂವತ್ತು ದಾಟಿದವರಿಗೆ ಇಷ್ಟು ಹೇಳಿದರೆ ಸಾಕು, ಹೆಬ್ಬೆರಳು ತಾನಾಗೇ ಅಲ್ಲಾಡುತ್ತೆ.

ಈ ವಿಷಯ ಯಾಕೆ ಎತ್ತಿಕೊಂಡೆ ಅಂದ್ರೆ, ಆಫೀಸಿನ ಕ್ಯಾಂಟೀನಲ್ಲಿ ಒಂದು ವಾದ ನಡೀತು. ಒಬ್ಬರ ಹೊಸ ಕಂಟ್ರೋಲರ್, ಐದಾರು ಸಾವಿರ ಕೊಟ್ಟಿದ್ದು, ವರ್ಷ ತುಂಬೋದ್ರೊಳಗೆ ಕೆಟ್ಟಿತ್ತು. ಕಡ್ಡಿ ಮುಟ್ಟದೇ ಇದ್ರೂ ಗೇಮಿನಲ್ಲಿರೋ ಮನುಷ್ಯ ತಾನಾಗೇ ಎಡಕ್ಕೆ ನಡ್ಕೊಂಡು ಹೋಗ್ತಾನೆ. ಡ್ರಿಫ್ಟ್ ಅಂತಾರಲ್ಲ, ಅದು. ತಕ್ಷಣ ಸುತ್ತ ಕೂತಿದ್ದವರೆಲ್ಲ ಶುರು ಮಾಡಿದ್ರು: "ನಮ್ಮ ಕಾಲದ ರಿಮೋಟು ಕಲ್ಲು ಸಾರ್. ಗೋಡೆಗೆ ಎಸೆದ್ರೂ ಏನೂ ಆಗ್ತಿರ್ಲಿಲ್ಲ. ಇಡೀ ದಿನ ಆಡಿದ್ರೂ ಕೈ ನೋಯ್ತಿರ್ಲಿಲ್ಲ." ನಾನೂ ತಲೆ ಅಲ್ಲಾಡಿಸಿದೆ. ಮನೆಗೆ ಬಂದು ಅಟ್ಟದ ಡಬ್ಬಿಯಿಂದ ಇದನ್ನು ತೆಗೆದು ನೋಡಿದ ಮೇಲೆ ಅನ್ನಿಸಿತು, ನಾವೆಲ್ಲ ಸುಳ್ಳು ಹೇಳ್ತಿದ್ದೀವಿ.

ಮೊದಲು ಇದು ನನ್ನ ಹತ್ರ ಬಂದ ಕತೆ. ನನ್ನ ಸೋದರಮಾವ ಮುಂಬೈ ಫೋರ್ಟ್‌ನಲ್ಲಿ ಒಂದು ಉಡುಪಿ ಹೋಟೆಲಲ್ಲಿ ಕೆಲಸಕ್ಕಿದ್ದರು. ನಾವಿದ್ದದ್ದು ಕುಂದಾಪುರದ ಹತ್ತಿರ. ಕರಾವಳಿಯವರಿಗೆ ಇದನ್ನ ವಿವರಿಸಬೇಕಾಗಿಲ್ಲ. ಪ್ರತಿ ಊರಲ್ಲೂ ನಾಲ್ಕು ಮನೆಗೊಬ್ಬರು "ಬೊಂಬಾಯಿ"ಯಲ್ಲಿ ಇರ್ತಿದ್ರು, ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಒಂದು ಸೂಟ್‌ಕೇಸ್ ಹಿಡ್ಕೊಂಡು ಬರ್ತಿದ್ರು, ಆ ಸೂಟ್‌ಕೇಸ್ ತೆರೆಯೋ ಹೊತ್ತಿಗೆ ಅಕ್ಕಪಕ್ಕದ ಮಕ್ಕಳೆಲ್ಲ ಜಗುಲಿ ಮೇಲೆ ಹಾಜರ್. ಕೊಂಕಣ ರೈಲಿನ ಪೂರ್ತಿ ಮಾರ್ಗ ತೆರೆದದ್ದು 1998ರ ಜನವರಿಯಲ್ಲಿ. ಅದಕ್ಕೆ ಮೊದಲು ಬಸ್ಸೇ ಗತಿ, ಘಟ್ಟ ಸುತ್ತಿಕೊಂಡು ಬರೋವಾಗ ಸುಮಾರು ಒಂದು ದಿನವೇ ಹಿಡೀತಿತ್ತು. 1996ರ ಮೇ ತಿಂಗಳಲ್ಲಿ ಆ ಬಸ್ಸಿನಲ್ಲಿ ಮಾವನ ತೊಡೆ ಮೇಲೆ ಕೂತು ಬಂದದ್ದು ಒಂದು ಟಿವಿ ಗೇಮ್. ಮನೀಶ್ ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡಿ ಎಂಟುನೂರರ ಆಸುಪಾಸಿಗೆ ತಂದದ್ದು. ಡಬ್ಬಿ, ಎರಡು ರಿಮೋಟು, ಒಂದು ಆಟಿಕೆ ಗನ್ನು, ಮತ್ತು "999999 ಗೇಮ್ಸ್" ಅಂತ ಬರೆದಿದ್ದ ಹಳದಿ ಕ್ಯಾಸೆಟ್ಟು. ಅದರಲ್ಲಿ ನಿಜಕ್ಕೂ ಇದ್ದದ್ದು ಹತ್ತೋ ಹನ್ನೆರಡೋ. ಉಳಿದದ್ದೆಲ್ಲ ಅದೇ ಗೇಮು, ಹೆಸರು ಮಾತ್ರ ಬೇರೆ. ನನಗೆ ಆಗ ಒಂಬತ್ತು ವರ್ಷ. ಜಗತ್ತಿನಲ್ಲಿ ಸುಳ್ಳು ಇರುತ್ತೆ ಅಂತ ಅಂಕಿಅಂಶದ ಮೂಲಕ ಗೊತ್ತಾಗಿದ್ದು ಅದೇ ಮೊದಲು.

ಈಗ ಇದರ ಸ್ಕ್ರೂ ಬಿಚ್ಚೋಣ. (ಕ್ಯಾಮೆರಾ ಹತ್ತಿರ ತರ್ತೀನಿ, ನೋಡಿ.) ಹಿಂದುಗಡೆ ಐದು ಸ್ಕ್ರೂ ಜಾಗ ಇದೆ, ಇರೋದು ಮೂರು. ಆಗಲೂ ಅಷ್ಟೇ ಇತ್ತೋ, ನಡುವೆ ಕಳೀತೋ, ಬಿಡಿ.

ಹೊರಗಿನ ಈ ಆಕಾರ ಎಲ್ಲಿಂದ ಬಂತು? ನಮ್ಮ ಕೈಗೆ ಬಂದ ಈ ಎಲ್ಲ ಟಿವಿ ಗೇಮ್‌ಗಳ ತಾಯಿಬೇರು ಒಂದೇ: ಜಪಾನಿನ ನಿಂಟೆಂಡೊ ಕಂಪನಿ 1983ರ ಜುಲೈ 15ಕ್ಕೆ ಬಿಡುಗಡೆ ಮಾಡಿದ ಫ್ಯಾಮಿಕಾಮ್. ಬೆಲೆ 14,800 ಯೆನ್. ಅದಕ್ಕೆ ಮೊದಲು ವಿಡಿಯೋ ಗೇಮ್ ಅಂದ್ರೆ ಕಡ್ಡಿ, ಅಂದ್ರೆ ಜಾಯ್‌ಸ್ಟಿಕ್. 1977ರ ಅಟಾರಿ 2600 ನೋಡಿದವರಿಗೆ ಗೊತ್ತು, ಒಂದು ಚೌಕ ಪೀಠ, ಮೇಲೊಂದು ಕರೀ ಕಡ್ಡಿ, ಮೂಲೆಯಲ್ಲಿ ಒಂದು ಗುಂಡಿ. ಎಡಗೈಯಲ್ಲಿ ಪೀಠ ಗಟ್ಟಿಯಾಗಿ ಅಮುಕಿ ಹಿಡೀಬೇಕು, ಬಲಗೈಯಲ್ಲಿ ಕಡ್ಡಿ ತಿರುಗಿಸಬೇಕು. ಅರ್ಧ ಗಂಟೆಗೆ ಎಡಗೈ ಮರಗಟ್ಟುತ್ತೆ. ಫ್ಯಾಮಿಕಾಮ್ ರೂಪಿಸಿದ ಮಸಾಯುಕಿ ಉಎಮುರಾ ತಂಡಕ್ಕೂ ಮೊದಲು ಕಡ್ಡಿಯೇ ತಲೆಯಲ್ಲಿದ್ದದ್ದು. ಅದನ್ನ ಬಿಟ್ಟದ್ದಕ್ಕೆ ಅವರಿಗಿದ್ದ ಒಂದು ಕಾರಣ ನನಗೆ ಬಹಳ ಇಷ್ಟ. ಜಪಾನಿನ ಮನೆಗಳಲ್ಲಿ ನೆಲದ ಮೇಲೆ ಕೂತು ಆಡ್ತಾರೆ, ಆಡಿ ಅಲ್ಲೇ ಬಿಟ್ಟು ಎದ್ದು ಹೋಗ್ತಾರೆ, ಮಕ್ಕಳು ತುಳೀತಾರೆ. ಕಡ್ಡಿ ನಿಂತುಕೊಂಡಿದ್ರೆ ಒಂದೋ ಅದು ಮುರಿಯುತ್ತೆ, ಇಲ್ಲಾ ಮಗುವಿನ ಕಾಲಿಗೆ ಚುಚ್ಚುತ್ತೆ. ನೆಲದ ಮೇಲೆ ಬಿದ್ದಿರೋ ವಸ್ತು ಚಪ್ಪಟೆಯಾಗಿರಬೇಕು.

ಕಡ್ಡಿ ಇಲ್ಲದೆ ದಿಕ್ಕು ಹೇಗೆ ತೋರಿಸೋದು? ಉತ್ತರ ಅದೇ ಕಂಪನಿಯಲ್ಲಿ ಇನ್ನೊಬ್ಬರ ಮೇಜಿನ ಮೇಲಿತ್ತು. ಗುನ್‌ಪೆ ಯೊಕೊಯಿ 1982ರಲ್ಲಿ ಡಾಂಕಿ ಕಾಂಗ್ ಅನ್ನೋ ಜೇಬಿನ ಆಟಿಕೆಗೆ ಈ ಪ್ಲಸ್ ಆಕಾರದ ಗುಂಡಿ ಮಾಡಿದ್ದರು. ಆ ಗುಂಡಿಯನ್ನ ಫ್ಯಾಮಿಕಾಮಿನ ಮಾದರಿಗೆ ವೈರ್ ಎಳೆದು ಜೋಡಿಸಿ ನೋಡಿದ್ರು. ಕಣ್ಣು ಟಿವಿ ಮೇಲಿದ್ರೂ ಹೆಬ್ಬೆರಳಿಗೆ ದಿಕ್ಕು ತಿಳೀತಿತ್ತು, ಕೈಗೆ ತ್ರಾಸ ಇರಲಿಲ್ಲ. ಒಂದೇ ಬದಲಾವಣೆಯಲ್ಲಿ ಆರಾಮ, ಬಾಳಿಕೆ ಎರಡೂ ಬಂತು. ಇಂಜಿನಿಯರಿಂಗ್‌ನಲ್ಲಿ ಇಂಥದ್ದು ಅಪರೂಪ ಸ್ವಾಮಿ. ನಮಗೆ ಪರ್ಫಾರ್ಮೆನ್ಸ್ ಬೇಕು ಅಂದ್ರೆ ಮೆಮೊರಿ ಹೋಗುತ್ತೆ, ಮೆಮೊರಿ ಉಳಿಸಿದ್ರೆ ಮ್ಯಾನೇಜರ್ ಹೋಗ್ತಾರೆ.

ಆದ್ರೆ ಅಸಲಿ ಫ್ಯಾಮಿಕಾಮೂ ಕಲ್ಲೇನಲ್ಲ. ಶುರುವಿನ ಯಂತ್ರಗಳಲ್ಲಿ ಎ, ಬಿ ಗುಂಡಿಗಳು ಚೌಕಾಕಾರದ ಮೆತ್ತನೆ ರಬ್ಬರಿನವು. ಅವು ಒತ್ತಿ ಒತ್ತಿ ಸವೆದು ಒಳಗೇ ಸಿಕ್ಕಿಹಾಕಿಕೊಳ್ತಿದ್ದವು. ಆಮೇಲೆ ದುಂಡನೆ ಗಟ್ಟಿ ಪ್ಲಾಸ್ಟಿಕ್ಕಿಗೆ ಬದಲಾಯಿಸಿದ್ರು. ಇನ್ನೂ ಒಂದು ತೊಡಕು: ಎರಡೂ ಕಂಟ್ರೋಲರ್‌ಗಳ ವೈರು ಡಬ್ಬಿಯ ಒಳಗಿಂದಲೇ ಬರ್ತಿತ್ತು, ಪ್ಲಗ್ ಇಲ್ಲ. ವೈರ್ ಹೋದ್ರೆ ಇಡೀ ಯಂತ್ರ ಬಿಚ್ಚಬೇಕು. 1985ರಲ್ಲಿ ಅಮೆರಿಕಕ್ಕೆ ಹೋದಾಗ ಪ್ಲಗ್ ಬಂತು, ಹೊರಮೈ ಇಟ್ಟಿಗೆಯಂತೆ ಆಯತಾಕಾರ ಆಯ್ತು. ನಮ್ಮ ನಕಲು ತಯಾರಕರು ಇನ್ನೂ ಜಾಣರು. ಅವರು ಅಟಾರಿ ಕಾಲದಿಂದ ಎಲ್ಲೆಡೆ ರಾಶಿ ಬಿದ್ದಿದ್ದ ಒಂಬತ್ತು ಪಿನ್ನಿನ ಪ್ಲಗ್ಗನ್ನೇ ತಗೊಂಡ್ರು. ಹಾಗಾಗಿ ಒಂದು ಕಂಪನಿಯ ರಿಮೋಟು ಇನ್ನೊಂದರ ಡಬ್ಬಿಗೆ ಸಾಮಾನ್ಯವಾಗಿ ಹಿಡಿಸ್ತಿತ್ತು. ಯಾರೂ ಸಭೆ ಸೇರಿ ಸ್ಟಾಂಡರ್ಡ್ ಬರೀಲಿಲ್ಲ. ಅಗ್ಗದ ಪ್ಲಗ್ಗು ಒಂದೇ ಇತ್ತು, ಅದೇ ಸ್ಟಾಂಡರ್ಡ್ ಆಯ್ತು.

ಹಾಗಾದ್ರೆ ಅಸಲಿ ಯಾಕೆ ನಮ್ಮ ಕೈಗೆ ಬರಲಿಲ್ಲ? ಬಂದಿತ್ತು, ನಮ್ಮ ಮನೆವರೆಗೆ ಬರಲಿಲ್ಲ ಅಷ್ಟೇ. ಎಂಬತ್ತರ ದಶಕದ ಕೊನೆಗೆ ಸಮುರಾಯ್ ಅನ್ನೋ ಹೆಸರಲ್ಲಿ ನಿಂಟೆಂಡೊದ ಪರವಾನಗಿ ಪಡೆದ ಯಂತ್ರವೇ ಭಾರತದಲ್ಲಿ ಮಾರಾಟಕ್ಕಿತ್ತು. ನಕಲಿನ ಬೆಲೆ ಮುಂದೆ ನಿಲ್ಲೋಕಾಗಲಿಲ್ಲ. ಸೆಗಾ ಕಂಪನಿಯ ಮೆಗಾ ಡ್ರೈವ್ ಬಂದದ್ದು 1995ರಲ್ಲಿ, ಅದನ್ನ ತಂದವರು ಶಾ ವ್ಯಾಲೇಸ್. ಹೌದು, ಅದೇ ಮದ್ಯದ ಕಂಪನಿ. ಆಮದು ಸುಂಕ ಶೇಕಡಾ 80ರಷ್ಟಿದ್ದ ಕಾಲ ಅದು. ಬೆಲೆ 18,000 ರೂಪಾಯಿ! ಮೆಗಾ ಡ್ರೈವಿನ ಕಂಟ್ರೋಲರ್ ಅರ್ಧಚಂದ್ರಾಕಾರ, ಎರಡೂ ಅಂಗೈಗೆ ಸರಿಯಾಗಿ ಕೂರುತ್ತೆ, ನಿಜವಾಗ್ಲೂ ಆರಾಮದ್ದು. ಆದ್ರೆ ಹದಿನೆಂಟು ಸಾವಿರದ ಆರಾಮ ಯಾರಿಗೆ? ಬಳಕೆಯ ಸಾಮಾನುಗಳ ಆಮದಿನ ಮೇಲಿದ್ದ ಪ್ರಮಾಣ ನಿರ್ಬಂಧಗಳು ಕೊನೆಗೂ ತೆರವಾದದ್ದು 2001ರ ಏಪ್ರಿಲ್ 1ಕ್ಕೆ. ಅಲ್ಲಿವರೆಗೆ ಮುಂಬೈಯ ಕ್ರಾಫರ್ಡ್ ಮಾರ್ಕೆಟ್ ಪಕ್ಕದ ಮನೀಶ್ ಮಾರ್ಕೆಟ್, ಹಾಜಿ ಅಲಿಯ ಹೀರಾ ಪನ್ನಾ, ವಿಲೆ ಪಾರ್ಲೆ ಪಶ್ಚಿಮದ ಇರ್ಲಾದಲ್ಲಿರೋ ಆಲ್ಫಾ, ಇವೇ ನಮ್ಮ ಅಮೆಜಾನು. "ಫಾರಿನ್ ಐಟಂ" ಅನ್ನೋ ಮಾತಿಗೆ ಅರ್ಥ ಇದ್ದದ್ದು ಆ ಅಂಗಡಿಗಳ ಕಾರಣಕ್ಕೆ. ಗ್ಯಾರಂಟಿ? "ಚಲೇ ತೋ ಚಾಂದ್ ತಕ್" ಅಂತ ನಗ್ತಿದ್ರು, ಅಷ್ಟೇ.

ಸರಿ, ಒಳಗೇನಿದೆ ನೋಡೋಣ. ಪ್ಲಾಸ್ಟಿಕ್ ಗುಂಡಿಗಳ ಕೆಳಗೆ ಈ ಬೂದುಬಣ್ಣದ ಸಿಲಿಕೋನ್ ರಬ್ಬರ್ ಹಾಳೆ. ಪ್ರತಿ ಗುಂಡಿ ಕೆಳಗೂ ಒಂದು ಗುಮ್ಮಟ, ಗುಮ್ಮಟದ ಒಳಗೆ ಒಂದು ಕರೀ ಬೊಟ್ಟು. ಆ ಬೊಟ್ಟು ಇಂಗಾಲ. ಒತ್ತಿದಾಗ ಗುಮ್ಮಟ ಕುಸಿದು, ಬೊಟ್ಟು ಕೆಳಗಿನ ಬೋರ್ಡಿನ ಎರಡು ಗೆರೆಗಳನ್ನ ಜೋಡಿಸುತ್ತೆ. ಬಿಟ್ಟಾಗ ರಬ್ಬರು ತಾನಾಗೇ ಮೇಲೆ. ಸ್ಪ್ರಿಂಗ್ ಇಲ್ಲ, ತುಕ್ಕು ಹಿಡಿಯೋ ತಗಡಿಲ್ಲ. ಬೆರಳಿಗೆ ಸಿಗೋ ಆ ಮೆತ್ತನೆ ಅನುಭವ, "ಹಳೇ ರಿಮೋಟಿನ ಫೀಲ್" ಅಂತ ನಾವು ಕಣ್ಣು ತೇಲಿಸಿ ಹೇಳೋದು, ಈ ಗುಮ್ಮಟ ಕುಸಿಯೋ ಕ್ಷಣ.

ಅಸಲಿಯಲ್ಲಿ ಈ ರಬ್ಬರು ಒಳ್ಳೇದಿತ್ತು, ಇವತ್ತಿಗೂ ನಾಲ್ವತ್ತು ವರ್ಷದ ಹಿಂದಿನವು ಕೆಲಸ ಮಾಡ್ತವೆ. ನಕಲಿನಲ್ಲಿ ರಬ್ಬರು ತೆಳು, ಇಂಗಾಲದ ಬೊಟ್ಟು ಇನ್ನೂ ತೆಳು. ಅದರ ಮೇಲೆ ಟರ್ಬೊ ಗುಂಡಿ ಬೇರೆ. ಪ್ಲಸ್ ಗುಂಡಿಯ ಕೆಳಗೆ, ನಡುಮಧ್ಯ, ಒಂದು ಗಟ್ಟಿ ಮೊಳೆಯಂಥ ಆಧಾರ ಇರಬೇಕು. ಅದು ಇದ್ರೆ ಗುಂಡಿ ತಕ್ಕಡಿ ಥರ ವಾಲುತ್ತೆ, ಎಡ ಒತ್ತಿದಾಗ ಬಲ ಮೇಲೇಳುತ್ತೆ, ಎರಡೂ ಒಟ್ಟಿಗೆ ಒತ್ತೋಕೆ ಆಗಲ್ಲ. ಇದರಲ್ಲಿ ಆ ಆಧಾರ ಬೆಂಕಿಕಡ್ಡಿ ತುದಿಯಷ್ಟು. ಯಾವಾಗ ಸವೀತೋ, ಆವತ್ತಿನಿಂದ ಕಾಂಟ್ರಾದಲ್ಲಿ ಎಡಕ್ಕೆ ಹೋಗು ಅಂದ್ರೆ ಬಗ್ಗಿ ಕೂರ್ತಿದ್ದ. ಅಮೆರಿಕದಲ್ಲಿ ಈ ಗುಂಡಿಗೆ ನಿಂಟೆಂಡೊ 1987ರಲ್ಲಿ ಪೇಟೆಂಟ್ ಪಡೆದಿತ್ತು. ನಕಲು ಮಾಡಿದವರು ಹೊರಗಿನ ಪ್ಲಸ್ಸನ್ನಷ್ಟೇ ಕದ್ದರು, ಒಳಗಿನ ಬುದ್ಧಿಯನ್ನ ಕದಿಯೋಕೆ ಸೋಮಾರಿತನ. ಕಳ್ಳತನದಲ್ಲೂ ಕೋಡ್ ರಿವ್ಯೂ ಬೇಕು.

ನಮ್ಮ ರಿಮೋಟು ಕೆಟ್ಟದ್ದು ಎಷ್ಟು ದಿನಕ್ಕೆ ಗೊತ್ತಾ? ಹದಿನಾರು. ಮಾವ ಇನ್ನೂ ರಜೆ ಮುಗಿಸಿ ಹೊರಟಿರಲಿಲ್ಲ. ಬಾಕ್ಸಿನ ಮೇಲಿನ ಬರಹ ಓದೋಕೆ ಕಲಿಯೋ ಮೊದಲೇ ಒಂದನೇ ನಂಬರ್ ರಿಮೋಟಿನ ಜಂಪ್ ಗುಂಡಿ ಸತ್ತಿತ್ತು. ಇದು ನನ್ನ ಕ್ಯಾಂಟೀನ್ ಗೆಳೆಯರಿಗೆ ನಾನು ಹೇಳದೇ ಉಳಿದ ಮಾತು. ಕಲ್ಲೂ ಇಲ್ಲ, ಮಣ್ಣೂ ಇಲ್ಲ.

ಇನ್ನು ಆರಾಮದ ಮಾತು. ಈಗ ಹಿಡಿದು ನೋಡಿದ್ರೆ, ಸುಮಾರು 12 ಸೆಂಟಿಮೀಟರ್ ಅಗಲ, 5 ಸೆಂಟಿಮೀಟರ್ ಎತ್ತರದ ಈ ಇಟ್ಟಿಗೆಯ ಮೂಲೆಗಳು ನೇರ ಅಂಗೈಗೆ ಚುಚ್ಚುತ್ತವೆ. ನನ್ನ ಕಿರುಬೆರಳಿಗೆ ಜಾಗವೇ ಇಲ್ಲ. ಇಪ್ಪತ್ತು ನಿಮಿಷ ಮಾರಿಯೊ ಆಡಿದೆ, ಹೆಬ್ಬೆರಳ ಬುಡದಲ್ಲಿ ನೋವು ಶುರು. ಇದು ವಯಸ್ಸಿನ ದೋಷ ಅಂತ ನೀವು ನಗಬಹುದು. ಆದ್ರೆ 1990ರಲ್ಲೇ, ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬ್ರ್ಯಾಸಿಂಗ್ಟನ್ ಅನ್ನೋ ವೈದ್ಯರು ಒಂದು ಪತ್ರ ಬರೆದಿದ್ದರು. ಮಗನಿಗೆ ಬಂದ ಉಡುಗೊರೆಯ ನಿಂಟೆಂಡೊವನ್ನ ಐದು ಗಂಟೆ ಬಿಡದೆ ಆಡಿದ ತಾಯಿಯೊಬ್ಬರಿಗೆ ಹೆಬ್ಬೆರಳಿನ ಸ್ನಾಯುರಜ್ಜು ಊದಿಕೊಂಡಿತ್ತು. ಅವರು ಅದಕ್ಕಿಟ್ಟ ಹೆಸರು "ನಿಂಟೆಂಡಿನೈಟಿಸ್". ಮುಂದೆ 1999ರಲ್ಲಿ ಮಾರಿಯೊ ಪಾರ್ಟಿ ಅನ್ನೋ ಆಟ ಬಂದಾಗ, ಕಡ್ಡಿಯನ್ನ ಅಂಗೈಯಿಂದ ಗರಗರ ತಿರುಗಿಸಿ ಮಕ್ಕಳ ಕೈಗೆ ಬೊಬ್ಬೆ ಬಂದು, ನ್ಯೂಯಾರ್ಕಿನ ಅಟಾರ್ನಿ ಜನರಲ್ ಮಧ್ಯೆ ಪ್ರವೇಶಿಸಿ, 2000ದಲ್ಲಿ ಕಂಪನಿ ಮಕ್ಕಳಿಗೆ ಕೈಗವಸು ಕೊಡೋಕೆ ಒಪ್ಪಬೇಕಾಯ್ತು. ಆಟಿಕೆ ಆಡೋಕೆ ಗ್ಲೌಸ್!

ಮತ್ತೆ ನಮಗ್ಯಾಕೆ ನೋಯಲಿಲ್ಲ? ಒಂದು, ಕೈ ಚಿಕ್ಕದಿತ್ತು. ಇಟ್ಟಿಗೆ ಆ ಕೈಗೆ ಸರಿಹೋಗ್ತಿತ್ತು, ಮೂಲೆ ಅಂಗೈಯ ಆಚೆ ಬೀಳ್ತಿತ್ತು. ಇನ್ನೊಂದು ಕಾರಣ ನನಗೆ ಈಗಷ್ಟೇ ಹೊಳೆದದ್ದು. ನಾವು ಎಂಟು ಮಕ್ಕಳು, ರಿಮೋಟು ಎರಡು. ಸತ್ತರೆ ಕೈ ಬದಲು, ಅದು ಕಾನೂನು. ಮಾರಿಯೊ ಮೊದಲ ಗುಂಡಿಯಲ್ಲೇ ಬಿದ್ದು ಸತ್ತರೂ ಕೈ ಬದಲು. ನನ್ನ ಪಾಳಿ ಬರೋಕೆ ಇಪ್ಪತ್ತು ನಿಮಿಷ, ಆಟ ಒಂದೂವರೆ ನಿಮಿಷ. ಅದರ ನಡುವೆ ಕರೆಂಟು ಹೋಗುತ್ತೆ, ಅಡಾಪ್ಟರ್ ಬಿಸಿಯಾಯ್ತು ಅಂತ ಅಜ್ಜಿ ಪ್ಲಗ್ ಕೀಳ್ತಾರೆ, ಏಳೂವರೆಗೆ ವಾರ್ತೆ. ಇಡೀ ದಿನ ಆಡಿದ್ವಿ ಅಂತ ನೆನಪಿದೆ ಅಲ್ವಾ, ಲೆಕ್ಕ ಹಾಕಿ ನೋಡಿ, ನಿಜವಾಗಿ ರಿಮೋಟು ಕೈಯಲ್ಲಿದ್ದದ್ದು ದಿನಕ್ಕೆ ಅರ್ಧ ಗಂಟೆ ಇದ್ದರೆ ಹೆಚ್ಚು. ಈಗ ಥಾಣೆಯ ಫ್ಲ್ಯಾಟಿನಲ್ಲಿ ಶುಕ್ರವಾರ ರಾತ್ರಿ ನಾನೊಬ್ಬನೇ ಕೂತು ನಾಲ್ಕು ಗಂಟೆ ಆಡ್ತೀನಿ. ಅದಕ್ಕೆ ಮೊದಲು ಹತ್ತು ಗಂಟೆ ಕೀಬೋರ್ಡು ಕುಟ್ಟಿರ್ತೀನಿ. ನಮ್ಮ ಮಣಿಕಟ್ಟು ನೋವಿಗೆ ಹೊಸ ಕಂಟ್ರೋಲರನ್ನ ಬೈಯೋದು ನ್ಯಾಯ ಅಲ್ಲ. ಕೈಗೆ ಎಷ್ಟು ಹೊಂದುತ್ತೆ ಅನ್ನೋ ಲೆಕ್ಕದಲ್ಲಿ ಹೊಸದು ಹಳೇದಕ್ಕಿಂತ ಎಷ್ಟೋ ಪಾಲು ಮೇಲು.

ಹಾಗಾದ್ರೆ "ಗಟ್ಟಿ" ಅನ್ನೋ ನೆನಪು ಪೂರ್ತಿ ಸುಳ್ಳಾ? ಇಲ್ಲಿ ನನಗೆ ಕುತೂಹಲ ಹುಟ್ಟಿದ್ದು. ಯಾಕಂದ್ರೆ ಹದಿನಾರೇ ದಿನಕ್ಕೆ ಸತ್ತ ಈ ರಿಮೋಟು ಆಮೇಲೆ ಆರು ವರ್ಷ ಆಡಿದೆ. ನನಗೆ, ನನ್ನ ತಮ್ಮನಿಗೆ, ಅವನ ಗೆಳೆಯರಿಗೆ.

ಬೋರ್ಡು ನೋಡಿ. ಕಂದು ಬಣ್ಣದ ಅಗ್ಗದ ಕಾಗದದ ಬೋರ್ಡು, ಅದರ ಮೇಲೆ ಒಂದು ಕರೀ ಅಂಟಿನ ಉಂಡೆ. ಉಂಡೆಯೊಳಗೆ ಚಿಪ್ಪು. ಅಸಲಿಯಲ್ಲಿ ಈ ಜಾಗದಲ್ಲಿ 4021 ಅನ್ನೋ ಚಿಪ್ಪಿರುತ್ತೆ, ಎಂಟು ಬಿಟ್‌ನ ಶಿಫ್ಟ್ ರಿಜಿಸ್ಟರ್. ಎಂಟು ಗುಂಡಿ, ಎಂಟು ಬಿಟ್. ಡಬ್ಬಿ "ಲ್ಯಾಚ್" ಅಂತ ಒಂದು ಸೂಚನೆ ಕೊಟ್ಟ ಕ್ಷಣ ಎಂಟೂ ಗುಂಡಿಯ ಸ್ಥಿತಿಯ ಫೋಟೊ ತೆಗೆದಂಗೆ ಹಿಡಿದುಕೊಳ್ಳುತ್ತೆ. ಆಮೇಲೆ ಒಂದೊಂದು ಕ್ಲಾಕಿಗೆ ಒಂದೊಂದು ಬಿಟ್ಟು ವೈರಿನ ಮೇಲೆ ಸಾಲಾಗಿ ಹೋಗುತ್ತೆ: ಎ, ಬಿ, ಸೆಲೆಕ್ಟ್, ಸ್ಟಾರ್ಟ್, ಮೇಲೆ, ಕೆಳಗೆ, ಎಡ, ಬಲ. ಯಾವಾಗಲೂ ಅದೇ ಸಾಲು. ಟಿವಿ ಚಿತ್ರ ಬದಲಾದಂತೆಲ್ಲ ಮತ್ತೆ ಕೇಳುತ್ತೆ, ನಮ್ಮ ಪಾಲ್ ಟಿವಿಗಳಲ್ಲಿ ಸೆಕೆಂಡಿಗೆ 50 ಸಲ. ಇಷ್ಟಕ್ಕೆ ಬೇಕಾದದ್ದು ಐದು ವೈರು: ವಿದ್ಯುತ್ತು, ಭೂಮಿ, ಲ್ಯಾಚ್, ಕ್ಲಾಕ್, ಡೇಟಾ. ಎಂಬೆಡೆಡ್ ಕೆಲಸ ಮಾಡೋರಿಗೆ ಇದು ಹಳೇ ಗೆಳೆಯ, ಎಸ್‌ಪಿಐ ಥರವೇ. ಸಾಫ್ಟ್‌ವೇರ್ ಇಲ್ಲ, ಅಪ್‌ಡೇಟ್ ಇಲ್ಲ, ಜೋಡಿಸೋಕೆ ಪಾಸ್‌ವರ್ಡ್ ಇಲ್ಲ. ಕೆಟ್ಟರೆ ಎಲ್ಲಿ ಕೆಟ್ಟಿದೆ ಅಂತ ಹುಡುಕೋಕೆ ಮೂರೇ ಜಾಗ: ವೈರು, ರಬ್ಬರು, ಬೋರ್ಡಿನ ಗೆರೆ.

ಈ ಮೂರೂ ಮುಂಬೈಯ ರಿಪೇರಿಯವರಿಗೆ ಮೊದಲೇ ಬಾಯಿಪಾಠ ಆಗಿತ್ತು. ಇದು ಮುಖ್ಯ. ಇಂಗಾಲದ ಬೊಟ್ಟಿನ ಈ ರಬ್ಬರ್ ಹಾಳೆ ವಿಡಿಯೋ ಗೇಮಿಗೆ ಮಾತ್ರ ಸೀಮಿತ ಅಲ್ಲ. ಟಿವಿ ರಿಮೋಟಿನಲ್ಲಿ ಅದೇ, ಕ್ಯಾಲ್ಕ್ಯುಲೇಟರಿನಲ್ಲಿ ಅದೇ, ಮೇಜಿನ ಟೆಲಿಫೋನಿನಲ್ಲೂ ಅದೇ. ನಾವು ಇದನ್ನ ರಿಮೋಟು ಅಂತ ತಪ್ಪಾಗಿ ಕರೀತಿದ್ವಿ ಅಂದ್ಕೊಂಡಿದ್ದೆ, ರಿಪೇರಿಯವನ ಕಣ್ಣಲ್ಲಿ ಅದು ಸರಿಯಾದ ಹೆಸರೇ. ತೊಂಬತ್ತರ ದಶಕದಲ್ಲಿ ಕೇಬಲ್ ಟಿವಿ ಬಂದು ಮನೆಮನೆಗೂ ರಿಮೋಟು ಬಂದಾಗ, ಕೆಟ್ಟ ರಿಮೋಟು ಸರಿಮಾಡೋದೇ ಒಂದು ಕಸುಬಾಯ್ತು. ವಿಡಿಯೋ ಗೇಮ್ ಆ ಕಸುಬಿನ ಬೆನ್ನ ಮೇಲೆ ಕೂತು ಬದುಕಿಕೊಂಡಿತು.

ಆ ಕಸುಬಿನ ರಾಜಧಾನಿ ಲ್ಯಾಮಿಂಗ್ಟನ್ ರೋಡ್. ಗ್ರಾಂಟ್ ರೋಡ್ ಸ್ಟೇಷನ್ನಿಗೆ ಇಳಿದು ಪೂರ್ವಕ್ಕೆ ಬಂದ್ರೆ ಅಲ್ಲೇ. ಕಾಗದದಲ್ಲಿ ಅದರ ಹೆಸರು ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ. ಹಳೇ ಹೆಸರು 1903ರಿಂದ 1907ರವರೆಗೆ ಬಾಂಬೆ ಗವರ್ನರ್ ಆಗಿದ್ದ ಲಾರ್ಡ್ ಲ್ಯಾಮಿಂಗ್ಟನ್‌ನದು, ಟ್ಯಾಕ್ಸಿಯವರಿಗೆ ಇವತ್ತಿಗೂ ಅದೇ ಗೊತ್ತು. ನಾನು 2009ರಲ್ಲಿ ಎಂಟೆಕ್ ಮಾಡೋಕೆ ಮುಂಬೈಗೆ ಬಂದಾಗ ಮೊದಲ ತಿಂಗಳೇ ಪ್ರಾಜೆಕ್ಟಿನ ಬಿಡಿಭಾಗಕ್ಕೆ ಅಲ್ಲಿಗೆ ಹೋದೆ. ಬೆಂಗಳೂರಿನವರು ಎಸ್‌ಪಿ ರೋಡ್ ನೆನಪು ಮಾಡ್ಕೊಳ್ಳಿ, ಅದರ ಜೊತೆಗೆ ಸಮುದ್ರದ ಸೆಕೆ ಸೇರಿಸಿ. ರೆಸಿಸ್ಟರು ತೂಕಕ್ಕೆ, ವೈರು ಮಾರಿನ ಲೆಕ್ಕಕ್ಕೆ. 4021 ಚಿಪ್ಪು ಅಲ್ಲಿ ಈಗಲೂ ಸಿಗುತ್ತೆ, ಒಂದು ವಡಾಪಾವ್ ಬೆಲೆಯ ಆಸುಪಾಸು. ನಾಲ್ಕು ದಶಕದ ಹಿಂದಿನ ಗೇಮ್ ಕಂಟ್ರೋಲರಿನ "ಪ್ರೊಸೆಸರ್" ಅನ್ನ ಇವತ್ತು ಅಂಗಡಿಗೆ ಹೋಗಿ ಕೇಳಿ ತರಬಹುದು ಅನ್ನೋದು ನನಗೆ ಯಾವಾಗ ನೆನೆಸಿಕೊಂಡ್ರೂ ಖುಷಿ.

ಹೊಸ ಕಂಟ್ರೋಲರಿಗೆ ಬನ್ನಿ, ಅದೇ ರಸ್ತೆ, ಕತೆ ಬೇರೆ. ಕ್ಯಾಂಟೀನ್ ಗೆಳೆಯರ ಡ್ರಿಫ್ಟ್ ಕಂಟ್ರೋಲರನ್ನ ನಾನೇ ಅಲ್ಲಿಗೆ ತಗೊಂಡು ಹೋದೆ. ಈಗಿನ ಕಡ್ಡಿಯ ಕೆಳಗೆ ಎರಡು ಪುಟ್ಟ ಪೊಟೆನ್ಷಿಯೊಮೀಟರ್, ಹಳೇ ರೇಡಿಯೋದ ವಾಲ್ಯೂಮ್ ನಾಬ್ ಇದ್ದಂಗೆ. ಇಂಗಾಲದ ಪಟ್ಟಿ ಮೇಲೆ ತಗಡಿನ ನಾಲಿಗೆ ಉಜ್ಜುತ್ತೆ. ಉಜ್ಜಿದ್ದು ಸವೆಯಲೇಬೇಕು, ಅದು ದೋಷ ಅಲ್ಲ, ವಿಧಿ. ಮಜಾ ಏನಂದ್ರೆ ಉಜ್ಜದೇ ಆಯಸ್ಕಾಂತದಿಂದ ದಿಕ್ಕು ಅಳೆಯೋ ಕಡ್ಡಿಯನ್ನ ಸೆಗಾ 1998ರ ಡ್ರೀಮ್‌ಕಾಸ್ಟ್‌ನಲ್ಲೇ ಇಟ್ಟಿತ್ತು. ಈಗ ಅದನ್ನೇ "ಹಾಲ್ ಎಫೆಕ್ಟ್" ಅಂತ ಹೊಸದಾಗಿ ಜಾಹೀರಾತು ಮಾಡಿ ಮಾರ್ತಾರೆ. ಸವೆದ ಕಡ್ಡಿ ಬದಲಾಯಿಸೋಕೆ ಹದಿನಾಲ್ಕು ಬೆಸುಗೆ ಬಿಡಿಸಬೇಕು, ಅದಕ್ಕೆ ಮೊದಲು ಬ್ಯಾಟರಿ, ರಿಬ್ಬನ್ ಕೇಬಲ್, ಬೆಣ್ಣೆಯಂಥ ಪ್ಲಾಸ್ಟಿಕ್ ಕೊಂಡಿಗಳು. ಅಂಗಡಿಯ ಹುಡುಗ ಸೂಕ್ಷ್ಮದರ್ಶಕ ಇಟ್ಟುಕೊಂಡು ಚೆನ್ನಾಗೇ ಮಾಡಿಕೊಟ್ಟ. ಅಂದ್ರೆ ಹೊಸದನ್ನ ಸರಿಮಾಡೋಕೆ ಆಗಲ್ಲ ಅಂತಲ್ಲ. ಅದಕ್ಕೆ ಸೂಕ್ಷ್ಮದರ್ಶಕ ಇರೋ ಹುಡುಗ ಬೇಕು, ಮತ್ತು ಗ್ರಾಂಟ್ ರೋಡಿನಿಂದ ಲೋಕಲ್ ಹಿಡಿಯೋ ದೂರದಲ್ಲಿ ನೀವಿರಬೇಕು. ಕುಂದಾಪುರದಲ್ಲಿರೋ ಒಂಬತ್ತು ವರ್ಷದ ಹುಡುಗನಿಗೆ ಅದು ಸತ್ತಂತೆಯೇ.

ಆದ್ರೆ ನಮ್ಮ ರಿಮೋಟೂ ಸತ್ತದ್ದು ಕುಂದಾಪುರದಲ್ಲೇ ಅಲ್ವಾ? ಮಾವ ಜೂನ್ ಮೊದಲ ವಾರ ಹೊರಡುವಾಗ ಅದನ್ನ ಟವೆಲಲ್ಲಿ ಸುತ್ತಿ ತಗೊಂಡು ಹೋದರು. ಆಗಸ್ಟಿನಲ್ಲಿ, ಊರಿನ ಯಾರೋ ಅಷ್ಟಮಿಗೆ ಬಂದವರ ಕೈಯಲ್ಲಿ ವಾಪಸ್ ಬಂತು. ಅಂಗಡಿಯಲ್ಲಿ ಕೊಟ್ಟು ಮಾಡಿಸಿದ್ದೇನೆ, ವೈರು ಎಳೆಯಬೇಡಿ ಅಂತ ಒಂದು ಚೀಟಿ. ಮುಂದಿನ ವರ್ಷ ವೈರು ಹೋಯ್ತು, ಮತ್ತೆ ಬಸ್ಸು ಹತ್ತಿತು. ಎಲ್ಲ ನಕಲಿನ ಪ್ರಾಣ ಹೋಗೋದು ಅಲ್ಲೇ, ವೈರು ಡಬ್ಬಿಯೊಳಗೆ ಹೋಗೋ ಬಾಯಲ್ಲಿ, ಮಕ್ಕಳು ಟಿವಿಯಿಂದ ಹಿಂದೆ ಸರಿದು ಕೂರ್ತಾರೆ, ಕೂದಲೆಳೆಯಂಥ ತಂತಿ ತುಂಡಾಗುತ್ತೆ. ಮೂರನೇ ಸಲ ಹೋದದ್ದು 1999ರಲ್ಲಿ, ಆಗ ರೈಲು. ಒಟ್ಟು ಮೂರು ಸಲ ಈ ರಿಮೋಟು ಮುಂಬೈಗೆ ಹೋಗಿ ಬಂದಿದೆ. ಆಗ ನಾನೇ ಒಂದು ಸಲವೂ ಮುಂಬೈ ನೋಡಿರಲಿಲ್ಲ.

ಆ ಮೂರು ಪ್ರಯಾಣದ ಗುರುತು ಇಲ್ಲೇ ಇದೆ, ನೋಡಿ. ಈ ವೈರು ನಡುವೆ ಬಣ್ಣ ಬದಲಾಗಿದೆ, ಕೆಂಪು ಹೋಗಿ ಹಸಿರು ಬಂದಿದೆ, ಯಾವುದೋ ಟೆಲಿಫೋನ್ ವೈರು. ಜಂಪ್ ಗುಂಡಿಯ ಕೆಳಗೆ ಇಂಗಾಲದ ಬೊಟ್ಟಿನ ಜಾಗದಲ್ಲಿ ಬೆಳ್ಳಿ ಬಣ್ಣದ ಚೂರು ಅಂಟಿಸಿದೆ, ಸಿಗರೇಟು ಪ್ಯಾಕಿನ ತಗಡುಕಾಗದ. ಪ್ಲಸ್ ಗುಂಡಿಯ ರಬ್ಬರು ಬೇರೆಯದೇ ಬಣ್ಣ, ಅಂಚು ಕತ್ತರಿಯಿಂದ ಕತ್ತರಿಸಿದ್ದು. ನೋಡಿದ್ರೆ ಟಿವಿ ರಿಮೋಟಿನದು, 2, 4, 6, 8ರ ಗುಂಡಿಗಳ ಜಾಗ.

ಡ್ರಿಫ್ಟ್ ಕಂಟ್ರೋಲರ್ ಕೊಡೋಕೆ ಹೋದಾಗ ಇದನ್ನೂ ಬ್ಯಾಗಲ್ಲಿ ಹಾಕ್ಕೊಂಡಿದ್ದೆ. ಹುಡುಗನ ಪಕ್ಕ ಕೂತಿದ್ದ ಅವನ ತಂದೆ, ಅರವತ್ತರ ಮೇಲಿನವರು, ಕನ್ನಡಕ ಏರಿಸಿ ಬೋರ್ಡು ತಿರುಗಿಸಿ ನೋಡಿದ್ರು. ಬೆಸುಗೆಯ ದಪ್ಪ ಉಂಡೆಗಳ ಮೇಲೆ ಬೆರಳಿಟ್ಟು ನಕ್ಕರು. ಇದು ಅಂಗಡಿ ಕೆಲಸ ಅಲ್ಲ, ಐರನ್ ಇಲ್ಲದೆ ಯಾರೋ ಮನೆಯಲ್ಲಿ ಮಾಡಿದ್ದು, ನೋಡಿ ಬೋರ್ಡು ಸುಟ್ಟಿದೆ, ಅಂದ್ರು ಹಿಂದಿಯಲ್ಲಿ. ಇಲ್ಲ, ಇಲ್ಲೇ ಎಲ್ಲೋ ಅಂಗಡಿಯಲ್ಲಿ ಮಾಡಿಸಿದ್ದು ಅಂದೆ. ಅವರು ವಾದ ಮಾಡಲಿಲ್ಲ, ವಾಪಸ್ ಕೊಟ್ಟರು.

ಆ ರಾತ್ರಿ ಮಾವನಿಗೆ ಫೋನ್ ಮಾಡಿದೆ. ಈಗ ಊರಲ್ಲೇ ಇದ್ದಾರೆ, ಎಪ್ಪತ್ತು ದಾಟಿದೆ. ಮೊದಲು ಯಾವ ರಿಮೋಟು ಅಂತಲೇ ನೆನಪಾಗಲಿಲ್ಲ. ಆಮೇಲೆ ಜೋರಾಗಿ ನಕ್ಕರು. ಅಂಗಡಿಯವನು ಐವತ್ತು ಕೇಳಿದ್ದನಂತೆ. ಆವತ್ತಿನ ಐವತ್ತು. "ಅದೆಂತ ದೊಡ್ಡ ಕೆಲ್ಸ ಮಾರಾಯ" ಅಂದ್ರು. ಅಂಗಡಿಯ ಬಾಗಿಲಲ್ಲಿ ನಿಂತು ಬೇರೆ ಯಾರದೋ ರಿಮೋಟು ಸರಿಮಾಡೋದನ್ನ ಅರ್ಧ ಗಂಟೆ ನೋಡಿದ್ರಂತೆ. ಎರಡು ರೂಪಾಯಿಯ ಸೋಲ್ಡರ್ ತಂತಿ ಕೊಂಡು, ರಾತ್ರಿ ಹೋಟೆಲ್ ಮುಚ್ಚಿದ ಮೇಲೆ ದೋಸೆಕಲ್ಲಿನ ಒಲೆಯ ಉರಿಯಲ್ಲಿ ಸ್ಕ್ರೂಡ್ರೈವರ್ ಕಾಯಿಸಿ ಮಾಡಿದ್ದಂತೆ. ಮೂರೂ ಸಲ. ಟಿವಿ ರಿಮೋಟಿನ ರಬ್ಬರು ಗಲ್ಲಾಪೆಟ್ಟಿಗೆ ಪಕ್ಕದ ಟಿವಿಯದು, ಆ ಟಿವಿ ಹೇಗೂ ಒಂದೇ ಚಾನೆಲಿನಲ್ಲಿ ಇರ್ತಿತ್ತಂತೆ.

"ಈಗ ನಡೀತದಾ ಅದು?" ಅಂತ ಕೇಳಿದ್ರು.

ಎಡದ ಗುಂಡಿ ಸರಿ ಬರ್ತಿಲ್ಲ ಅಂದೆ.

"ಬಟ್ಟೆಯಲ್ಲಿ ಒರೆಸಿ ಕಾಣ್. ಧೂಳು ಕೂತಿರತ್ತ್."

ಒರೆಸಿದ್ದೀನಿ, ಸ್ಪಿರಿಟ್ ಹಾಕಿ. ಈಗ ಮೂರು ಸಲ ಒತ್ತಿದ್ರೆ ಎರಡು ಸಲ ಹೋಗುತ್ತೆ. ನಿಮ್ಮ ಮನೆ ಅಟ್ಟದಲ್ಲೂ ಇಂಥದ್ದೊಂದು ಇದ್ರೆ ಹಿಂದಿನ ಸ್ಕ್ರೂ ಬಿಚ್ಚಿ ಒಳಗೆ ನೋಡಿ, ಏನು ಸಿಕ್ತು ಅಂತ ಬರೀರಿ. ಮುಂದಿನ ವಾರ ಸಿಗೋಣ.